ನಿಮ್ಮಿಷ್ಟದ ಸಿನಿಮಾ, ಗೇಮ್‌ನ ಫೀಲ್ ನಿಮ್ಮ ಕೆಲಸಕ್ಕೂ ಬರಬೇಕೇ? ಕಾಪಿ ಹೊಡೆಯದೆ ಪ್ರಭಾವ ಬಳಸುವ ಹಂತಗಳು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. "ಶಾರ್ಟ್ ಫಿಲ್ಮ್ ಮಾಡ್ತಾ ಇದ್ದೀವಿ, ಇಂಥ ಸಿನಿಮಾದ ಫೀಲ್ ಬರಬೇಕು, ಯಾವ ಲೆನ್ಸ್ ತಗೊಳ್ಳೋಣ?" ಇಲ್ಲವೇ, "ಸ್ನೇಹಿತರೆಲ್ಲ ಸೇರಿ ಗೇಮ್ ಮಾಡ್ತಿದ್ದೀವಿ, ಇಂಥ ಗೇಮ್ ಥರ ಅನ್ನಿಸಬೇಕು, ಯಾವ ಫಿಲ್ಟರ್ ಹಾಕೋಣ?" ಲೆನ್ಸು, ಫಿಲ್ಟರ್ ಕೊನೆಗೆ ಬರುವ ಮಾತು. ಅದಕ್ಕೆ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ. ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕಥೆ ಮರೆತುಹೋದ ಮೇಲೂ ಮನಸ್ಸಿನಲ್ಲಿ ಉಳಿಯುವ ವಾತಾವರಣವನ್ನೇ ಇಲ್ಲಿ ಫೀಲ್ ಎನ್ನುತ್ತಿದ್ದೇನೆ. ಅದು ಮಾಡಿದವರ ಮೇಲೆ ಆದ ಪ್ರಭಾವಗಳಿಂದ ಹುಟ್ಟುತ್ತದೆ. ಅವರು ನೋಡಿದ ಸಿನಿಮಾ, ಓದಿದ ಪುಸ್ತಕ, ಬೆಳೆದ ಊರು, ಕೇಳಿದ ಸದ್ದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಷ್ಟವಾದ ಕೃತಿಯ ನೋಟವನ್ನು ಎತ್ತಿಕೊಂಡರೆ ನಕಲಾಗುತ್ತದೆ. ಆ ನೋಟ ನೋಡುಗರ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದು, ಅದೇ ಕೆಲಸವನ್ನು ನಿಮ್ಮ ಸಾಮಗ್ರಿಯಿಂದ ಮಾಡಿಸಿದರೆ ಅದು ನಿಮ್ಮದಾಗುತ್ತದೆ. ಸಾರು ರುಚಿಯಾಗಿದೆ ಎಂದು ಪಕ್ಕದ ಮನೆಯ ಪಾತ್ರೆ ಎತ್ತಿಕೊಂಡು ಬಂದರೆ ನಮ್ಮ ಮನೆಯಲ್ಲಿ ಆ ಸಾರು ಆಗುವುದಿಲ್ಲ, ಅಲ್ವಾ?

ಶುರು ಮಾಡುವ ಮುನ್ನ ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಜೊತೆ ಹೆಡ್‌ಫೋನ್, ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ನೋಡಲು ಬರುವ ಯಾವುದಾದರೂ ವಿಡಿಯೋ ಪ್ಲೇಯರ್. ಗೇಮ್ ಆದರೆ ನಿಮ್ಮ ಆಟವನ್ನು ರೆಕಾರ್ಡ್ ಮಾಡಿಕೊಳ್ಳುವ ಸೌಲಭ್ಯವೂ ಬೇಕು. ಸ್ಕ್ರಿಪ್ಟ್ ಪೂರ್ತಿ ಆಗಿರಬೇಕಿಲ್ಲ. ಆದರೆ ನೀವು ಹೇಳಹೊರಟಿರುವುದು ಯಾರ ಕಥೆ, ಎಲ್ಲಿಯ ಕಥೆ ಎಂಬುದಾದರೂ ಗೊತ್ತಿರಬೇಕು. ಅದೇ ಗೊತ್ತಿಲ್ಲದಿದ್ದರೆ ಮುಂದಿನ ಹಂತಗಳು ಬರೀ ಸಿನಿಮಾ ನೋಡುವ ನೆಪವಾಗುತ್ತವೆ.

ಹಂತ 1: ಒಂದೇ ಕೃತಿ, ಒಂದೇ ದೃಶ್ಯ ಆರಿಸಿ

ಹತ್ತು ಸಿನಿಮಾ, ಐದು ಗೇಮ್ ಪಟ್ಟಿ ಮಾಡಬೇಡಿ. ನಿಮ್ಮನ್ನು ನಿಜವಾಗಿ ಅಲುಗಾಡಿಸಿದ ಒಂದನ್ನು ತೆಗೆದುಕೊಳ್ಳಿ. ಅದರಲ್ಲೂ ಮೂರರಿಂದ ಐದು ನಿಮಿಷದ ಒಂದು ಭಾಗ ಸಾಕು. ಆ ಭಾಗ ನೋಡಿದಾಗ ನಿಮಗೆ ಏನಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. "ಸೂಪರ್ ಆಗಿದೆ", "ಡಾರ್ಕ್ ಆಗಿದೆ" ಎಂದು ಬರೆದರೆ ಸಾಲದು. "ಏನೋ ಬರುತ್ತಿದೆ, ಎಲ್ಲಿಂದ ಎಂದು ತಿಳಿಯುತ್ತಿಲ್ಲ, ತಿರುಗಿ ನೋಡಲೂ ಭಯ" ಎಂದು ಬರೆದರೆ ಅದರ ಮೇಲೆ ಕೆಲಸ ಮಾಡಬಹುದು.

ಎಚ್ಚರಿಕೆ: ಬಹಳ ಜನ ಇಲ್ಲಿಯೇ ಮೂಡ್ ಬೋರ್ಡ್ ಮಾಡಲು ಕೂರುತ್ತಾರೆ. ಮೂಡ್ ಬೋರ್ಡ್ ಎಂದರೆ ಇಷ್ಟದ ಸ್ಟಿಲ್‌ಗಳನ್ನು ಒಂದೇ ಹಾಳೆಗೆ ಅಂಟಿಸಿ ತಂಡಕ್ಕೆ ತೋರಿಸುವುದು. ಅದು ಒಳ್ಳೆಯ ಸಾಧನವೇ. ಆದರೆ ಅದರಲ್ಲಿ ಸದ್ದಿಲ್ಲ, ಸಮಯವಿಲ್ಲ, ಚಲನೆಯಿಲ್ಲ. ಫೀಲ್‌ನ ಬಹುಪಾಲು ಇರುವುದು ಈ ಮೂರರಲ್ಲೇ. ಅದನ್ನು ಐದನೇ ಹಂತ ಮುಗಿಯುವವರೆಗೆ ಮುಂದೂಡಿ.

ಹಂತ 2: ಬಿಡಿಸಿ ನೋಡಿ

ಆರಿಸಿದ ಭಾಗವನ್ನು ಮೊದಲು ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಆಮೇಲೆ ಪರದೆ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಬರೀ ಕೇಳಿ. ಮೂರನೇ ಸಲ ಎರಡನ್ನೂ ಸೇರಿಸಿ ನೋಡುತ್ತಾ ಬರೆದುಕೊಳ್ಳಿ. ಬೆಳಕು ಎಲ್ಲಿಂದ ಬರುತ್ತಿದೆ? ಕ್ಯಾಮೆರಾ ಎಷ್ಟು ದೂರದಲ್ಲಿದೆ? ಯಾವಾಗ ಕಟ್ ಆಗುತ್ತದೆ? ಮಾತಿಲ್ಲದೆ ಎಷ್ಟು ಹೊತ್ತು ಸಾಗುತ್ತದೆ? ಗೇಮ್ ಆದರೆ, ನನ್ನ ಕೈ ಏನು ಮಾಡುತ್ತಿದೆ?

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಲೇಖನದ ಉದ್ದಕ್ಕೂ ಅವರು ಮತ್ತೆ ಮತ್ತೆ ಬರುತ್ತಾರೆ. ಸಿನಿಮಾಕ್ಕೂ ಗೇಮಿಗೂ ಒಂದೇ ಮೂಲದಿಂದ ಹರಿದ ಪ್ರಭಾವವನ್ನು ಅವರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಾಣುವುದಿಲ್ಲ. ಅವರ ಸಿನಿಮಾ ನೋಡಿದವರು ಮೊದಲು ಹೇಳುವುದು ಕತ್ತಿ, ಕಿಮೊನೊ, ಕಪ್ಪು ಬಿಳುಪು. ಬಿಡಿಸಿ ನೋಡಿದರೆ ಸಿಗುವುದು ಬೇರೆ. ಅಲ್ಲಿ ಹವಾಮಾನ ಸುಮ್ನೆ ಹಿನ್ನೆಲೆಯಲ್ಲಿ ಇರುವುದಿಲ್ಲ. ಮಳೆ, ಗಾಳಿ, ಧೂಳು, ಬಿಸಿಲು ಪಾತ್ರಗಳ ಒಳಗಿನದ್ದನ್ನು ಹೊರಗೆ ತೋರಿಸುತ್ತವೆ. 1950ರ 'ರಾಶೋಮನ್'ನಲ್ಲಿ ಪಾಳುಬಿದ್ದ ಹೆಬ್ಬಾಗಿಲ ಮೇಲೆ ಸುರಿಯುವ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೆ ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದರು. 1954ರ 'ಸೆವೆನ್ ಸಮುರಾಯ್'ನ ಕೊನೆಯ ಕಾಳಗವನ್ನು ಮಳೆ, ಕೆಸರಿನಲ್ಲಿ ಏಕಕಾಲಕ್ಕೆ ಹಲವು ಕ್ಯಾಮೆರಾ ಇಟ್ಟು ತೆಗೆದರು. ದೂರದಿಂದಲೇ ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸನ್ನೂ ಬಳಸಿದರು. ಆ ಲೆನ್ಸು ಹಿಂದಿನದನ್ನೂ ಮುಂದಿನದನ್ನೂ ಒತ್ತಿ ಹತ್ತಿರ ತರುತ್ತದೆ. ಹಾಗಾಗಿ ಕುದುರೆ, ಮನುಷ್ಯ, ಮಳೆ ಎಲ್ಲವೂ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಕಾಳಗದ ನಡುವೆ ಸಿಕ್ಕಿಕೊಂಡಂತೆ ನಮಗೆ ಅನ್ನಿಸುವುದು ಇದರಿಂದ.

ಈಗ ನಿಮ್ಮ ನೋಟ್‌ಬುಕ್ಕಿನಲ್ಲಿ "ಸಮುರಾಯ್" ಎಂಬ ಪದದ ಬದಲು "ಮನಸ್ಸಿನಲ್ಲಿರುವುದನ್ನು ಹವಾಮಾನ ಹೇಳುತ್ತದೆ" ಎಂಬ ವಾಕ್ಯ ಇರುತ್ತದೆ. ಇದನ್ನು ತೀರ್ಥಹಳ್ಳಿಯಲ್ಲೂ ಬಳಸಬಹುದು, ರಾಯಚೂರಿನಲ್ಲೂ ಬಳಸಬಹುದು.

ಸದ್ದಿನ ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳಬೇಕು. ಹೊಸಬರು ಅದನ್ನು ಕೊನೆಗೆ ಬಿಡುತ್ತಾರೆ. 1977ರ 'ಸ್ಟಾರ್ ವಾರ್ಸ್'ನ ಬೆಳಕಿನ ಕತ್ತಿಯ ಗುಂಯ್‌ಗುಡುವ ಸದ್ದನ್ನು ಸೌಂಡ್ ಡಿಸೈನರ್ ಬೆನ್ ಬರ್ಟ್ ಕಟ್ಟಿದ್ದು ಹಳೆಯ ಫಿಲ್ಮ್ ಪ್ರೊಜೆಕ್ಟರಿನ ಮೋಟಾರು ಮತ್ತು ಟಿವಿಯ ಗುನುಗಿನಿಂದ. ಶತ್ರು ವಿಮಾನಗಳ ಚೀರಾಟದಲ್ಲಿ ಇರುವುದು ಆನೆಯ ಘೀಳು ಮತ್ತು ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದು. ಎಲ್ಲೂ ಇಲ್ಲದ ಲೋಕವೊಂದು ನಂಬಿಕೆ ಹುಟ್ಟಿಸುವುದು ಹೀಗೆ, ನಮ್ಮ ಕಿವಿಗೆ ಪರಿಚಯವಿರುವ ಸದ್ದುಗಳಿಂದ. ನಿಮ್ಮ ಗೇಮಿನ ರಾಕ್ಷಸನಿಗೆ ಇಂಟರ್‌ನೆಟ್ಟಿನಿಂದ ಘರ್ಜನೆ ಇಳಿಸಿಕೊಳ್ಳುವ ಮೊದಲು ಮನೆಯ ಗ್ರೈಂಡರ್, ತುಕ್ಕು ಹಿಡಿದ ಗೇಟು, ಬಾವಿಯ ರಾಟೆ ಇವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಧಾನಗೊಳಿಸಿ ಕೇಳಿ ನೋಡಿ.

ಹಂತ 3: ಪ್ರಭಾವದ ಹಿಂದಿನ ಪ್ರಭಾವಕ್ಕೆ ಹೋಗಿ

ಇದು ಅತಿ ಮುಖ್ಯ ಹಂತ. ಬಹುತೇಕರು ಬಿಟ್ಟುಬಿಡುವುದೂ ಇದನ್ನೇ. ನಿಮಗಿಷ್ಟವಾದ ಕೃತಿ ಯಾವುದರಿಂದ ಬೆಳೆಯಿತು ಎಂದು ಹುಡುಕಿ. ಮಾಡಿದವರ ಸಂದರ್ಶನಗಳಲ್ಲಿ ಸಾಮಾನ್ಯವಾಗಿ ಉತ್ತರ ಇರುತ್ತದೆ. ಕನಿಷ್ಠ ಎರಡು ತಲೆಮಾರು ಹಿಂದೆ ಹೋಗಿ, ವಂಶವೃಕ್ಷದಂತೆ ಬರೆದುಕೊಳ್ಳಿ.

ಕುರೊಸಾವಾ ಅವರ ವೃಕ್ಷವನ್ನೇ ನೋಡಿ. ಅವರು ಮೊದಲು ಚಿತ್ರಕಾರರಾಗಲು ಹೊರಟವರು. ಜಾನ್ ಫೋರ್ಡ್ ಅವರ ಅಮೆರಿಕನ್ ಕೌಬಾಯ್ ಸಿನಿಮಾಗಳನ್ನು ಮೆಚ್ಚಿದವರು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಜಪಾನಿನ ಸಾಂಪ್ರದಾಯಿಕ ನೋ ರಂಗಭೂಮಿಯ ನಡೆ, ಮುಖಭಾವಗಳ ಜೊತೆ ಬೆಸೆದು 1957ರಲ್ಲಿ 'ಥ್ರೋನ್ ಆಫ್ ಬ್ಲಡ್' ಮಾಡಿದರು. ಅಂದರೆ ಅಪ್ಪಟ ಜಪಾನಿ ಎಂದು ನಾವು ಅಂದುಕೊಳ್ಳುವುದರೊಳಗೆ ಅಮೆರಿಕವೂ ಇದೆ, ಇಂಗ್ಲೆಂಡೂ ಇದೆ.

ಕೆಳಕ್ಕೆ ಹರಿದದ್ದು ಇನ್ನೂ ದೊಡ್ಡದು. 'ಸೆವೆನ್ ಸಮುರಾಯ್' 1960ರಲ್ಲಿ ಹಾಲಿವುಡ್‌ನ 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಆಯಿತು. ಹಳ್ಳಿಯನ್ನು ಡಕಾಯಿತರಿಂದ ಕಾಯಲು ಕೂಲಿ ವೀರರನ್ನು ತರುವ ಆ ಎಳೆ, ಇಟಲಿಯ ಕೌಬಾಯ್ ಸಿನಿಮಾಗಳ ಗುಂಗಿನ ಜೊತೆ ಸೇರಿ, 1975ರ 'ಶೋಲೆ'ಯಲ್ಲಿ ಕಾಣಿಸಿತು. ಶೋಲೆಯ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಹಾಕಿದ ಸೆಟ್ಟು ಎಂಬುದು ನಿಮಗೆ ಗೊತ್ತೇ ಇದೆ. ಆ ಬಂಡೆಗಳೇ ಆ ಸಿನಿಮಾದ ಫೀಲ್ ಬದಲಿಸಿದವು ಎಂಬುದು ನನ್ನ ನಂಬಿಕೆ. ಎಳೆ ಜಪಾನಿನದು, ಲಯ ಇಟಲಿಯದು. ಆದರೆ ಗಬ್ಬರ್ ಆ ಕಲ್ಲುಗಳ ಮೇಲೆ ಓಡಾಡಿದಾಗ ಅದು ಬೇರೆ ಎಲ್ಲಿಯದೂ ಆಗಿರಲು ಸಾಧ್ಯವಿಲ್ಲ ಅನ್ನಿಸುತ್ತದೆ.

ಕನ್ನಡದಲ್ಲಿ ಇದಕ್ಕಿಂತ ನೇರವಾದ ಕೊಂಡಿ ಇದೆ. 1978ರಲ್ಲಿ ಗಿರೀಶ್ ಕಾರ್ನಾಡ್ ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' ಕುರೊಸಾವಾ ಅವರ ಸಮುರಾಯ್ ಸಿನಿಮಾಗಳಿಗೆ ಸಲ್ಲಿಸಿದ ಗೌರವದಂತಿದೆ. ಶಂಕರ್ ನಾಗ್ ಮೊದಲ ಸಲ ತೆರೆಗೆ ಬಂದದ್ದು ಅದರಲ್ಲೇ, ಕೂಲಿಗಾಗಿ ಕಾದಾಡುವ ಸೈನಿಕನಾಗಿ. ಅಲ್ಲಿ ಕಿಮೊನೊ ಇಲ್ಲ. ಮಧ್ಯಕಾಲದ ಕರ್ನಾಟಕದ ಸಣ್ಣಪುಟ್ಟ ಒಡೆಯರ ಜಗಳ, ಇಲ್ಲಿನ ಕಾಡು, ಇಲ್ಲಿನ ಮಾತು ಇವೆ. ಯಾರಿಗೂ ಸೇರದ ಕತ್ತಿಗಾರನೊಬ್ಬನ ಒಂಟಿತನ ಮಾತ್ರ ಅಲ್ಲಿಂದ ಬಂದದ್ದು. ನೀವು ಕನ್ನಡದಲ್ಲಿ ಕೆಲಸ ಮಾಡುತ್ತಿದ್ದರೆ ಬೇರೆ ಪಾಠಕ್ಕಿಂತ ಮೊದಲು ಈ ಸಿನಿಮಾ ನೋಡಿ.

'ಸ್ಟಾರ್ ವಾರ್ಸ್' ಕೂಡ ಈ ವೃಕ್ಷದ್ದೇ. ದೊಡ್ಡವರ ಯುದ್ಧವನ್ನು ಎಲ್ಲರಿಗಿಂತ ಕೆಳಗಿರುವ ಇಬ್ಬರ ಕಣ್ಣಿನಿಂದ ಹೇಳುವ ಕ್ರಮವನ್ನು ನಿರ್ದೇಶಕ ಜಾರ್ಜ್ ಲೂಕಸ್ ಕುರೊಸಾವಾ ಅವರ 1958ರ 'ದ ಹಿಡನ್ ಫೋರ್ಟ್ರೆಸ್'ನಿಂದ ಪಡೆದರು. ಅಲ್ಲಿ ಜಗಳಗಂಟ ರೈತರಿಬ್ಬರು, ಇಲ್ಲಿ ಎರಡು ರೋಬೋಟ್‌ಗಳು. ಆಕಾಶದ ಕಾಳಗಕ್ಕೆ ಮಾತ್ರ ಅವರು ಬೇರೆ ಕಡೆ ಹೋದರು. ಎರಡನೇ ಮಹಾಯುದ್ಧದ ವಿಮಾನ ಕಾಳಗದ ಹಳೆಯ ತುಣುಕುಗಳನ್ನು ಜೋಡಿಸಿ, ಹೀಗೇ ಇರಬೇಕು ಎಂದು ತಂಡಕ್ಕೆ ತೋರಿಸಿದರು. ಒಂದೇ ಸಿನಿಮಾದಲ್ಲಿ ಕಥೆ ಹೇಳುವ ಕೋನ ಒಂದು ಕಡೆಯಿಂದ, ಚಲನೆ ಇನ್ನೊಂದು ಕಡೆಯಿಂದ ಬಂದಿದೆ. ಹಾಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮೂಲ ಇಟ್ಟುಕೊಂಡರೆ ಯಾವ ಒಂದು ಕೃತಿಯ ನೆರಳೂ ನಿಮ್ಮದನ್ನು ಪೂರ್ತಿ ಮುಚ್ಚುವುದಿಲ್ಲ.

ಎಚ್ಚರಿಕೆ: ಒಂದು ತಲೆಮಾರಿಗೇ ನಿಂತರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿಯೇ ಉದಾಹರಣೆ ಇದೆ. ಕುರೊಸಾವಾ ಅವರ 1961ರ 'ಯೊಜಿಂಬೊ'ವನ್ನು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಗಿ ಮಾಡಿದರು. ಹಕ್ಕು ಪಡೆದಿರಲಿಲ್ಲ. ದೃಶ್ಯ ದೃಶ್ಯವೂ ಹೋಲುತ್ತಿತ್ತು. ಜಪಾನಿನ ತೊಹೊ ಸಂಸ್ಥೆ ಕಾನೂನು ಕ್ರಮಕ್ಕೆ ಹೋಯಿತು. ಕೊನೆಗೆ ರಾಜಿಯಾಗಿ, ಗಳಿಕೆಯಲ್ಲಿ 15% ಪಾಲು ಮತ್ತು ಜಪಾನ್ ಸೇರಿ ಕೆಲವು ದೇಶಗಳ ವಿತರಣೆಯ ಹಕ್ಕನ್ನು ಮೂಲದವರಿಗೆ ಕೊಡಬೇಕಾಯಿತು. ಆ ಸಿನಿಮಾಕ್ಕೆ ಅದರದೇ ಫೀಲ್ ಇಲ್ಲವೆಂದಲ್ಲ. ಸ್ಪೇನಿನ ಬಿಸಿಲು ಇದೆ, ಎನ್ನಿಯೊ ಮೊರಿಕೋನೆ ಅವರ ಸಿಳ್ಳೆ, ಚಾಟಿ ಏಟು, ಎಲೆಕ್ಟ್ರಿಕ್ ಗಿಟಾರಿನ ಸಂಗೀತ ಇದೆ. ಹೊಸದಾಗಿದ್ದ ಭಾಗ ಇಂದಿಗೂ ಬದುಕಿದೆ. ಎತ್ತಿಕೊಂಡ ಕಥೆಗೆ ಬೆಲೆ ತೆರಬೇಕಾಯಿತು.

ಹಂತ 4: ಸಿನಿಮಾ, ಗೇಮ್ ಬಿಟ್ಟು ಹೊರಗೆ ಹುಡುಕಿ

ಸಿನಿಮಾ ನೋಡಿ ಸಿನಿಮಾ, ಗೇಮ್ ಆಡಿ ಗೇಮ್ ಮಾಡಿದರೆ ಎಲ್ಲವೂ ಒಂದೇ ಥರ ಆಗತೊಡಗುತ್ತದೆ. ನಿಮ್ಮ ಪಟ್ಟಿಯಲ್ಲಿ ಕನಿಷ್ಠ ಒಂದು ಚಿತ್ರಕಲೆ ಅಥವಾ ಕಟ್ಟಡ, ಒಂದು ನಿಮ್ಮ ಬದುಕಿನದೇ ಅನುಭವ ಇರಲಿ.

ಚಿತ್ರಕಲೆಗೆ ಉದಾಹರಣೆ ಬೇಕಾದಷ್ಟಿವೆ. ಹಿಚ್‌ಕಾಕ್ ಅವರ 1960ರ 'ಸೈಕೋ'ದ ಗುಡ್ಡದ ಮೇಲಿನ ಮನೆಗೆ ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ 1925ರಲ್ಲಿ ಬಿಡಿಸಿದ ರೈಲು ಹಳಿಯ ಪಕ್ಕದ ಒಂಟಿ ಮನೆ ಮಾದರಿ. ಅದೇ ಹಾಪರ್ ಅವರ ರಾತ್ರಿ ಹೋಟೆಲಿನ ಚಿತ್ರವನ್ನು ರಿಡ್ಲಿ ಸ್ಕಾಟ್ 'ಬ್ಲೇಡ್ ರನ್ನರ್' ಮಾಡುವಾಗ ತಂಡದವರಿಗೆ ಮತ್ತೆ ಮತ್ತೆ ತೋರಿಸುತ್ತಿದ್ದರು. 2001ರ 'ಇಕೊ' ಎಂಬ ಗೇಮಿನ ಮುಖಪುಟವನ್ನು ನಿರ್ದೇಶಕ ಫುಮಿಟೊ ಉಏಡಾ ತಾವೇ ಬಿಡಿಸಿದರು. ಉದ್ದನೆಯ ನೆರಳು, ಖಾಲಿ ಅಂಗಳ, ಸಣ್ಣ ಮನುಷ್ಯರು. ಇಟಲಿಯ ಚಿತ್ರಕಾರ ಡಿ ಕಿರಿಕೊ ಅವರ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಆ ಖಾಲಿತನವೇ ಇಡೀ ಗೇಮಿನ ಫೀಲ್.

ಬದುಕಿನ ಅನುಭವಕ್ಕೆ ಬಂದರೆ, ಜಪಾನಿನ ಗೇಮ್ ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ ಹೇಳಿರುವ ಒಂದು ಘಟನೆ ನನಗೆ ತುಂಬ ಇಷ್ಟ. ಹಿಮ ಬಿದ್ದ ಇಳಿಜಾರಿನಲ್ಲಿ ಅವರ ಕಾರು ಮೇಲೇರದೆ ನಿಂತಿತು. ಹಿಂದಿನ ಕಾರಿನವರು ತಮ್ಮ ಕಾರಿನಿಂದಲೇ ತಳ್ಳಿ ಏರಿಸಿದರು. ನಿಂತು ಥ್ಯಾಂಕ್ಸ್ ಹೇಳುವ ಹಾಗಿರಲಿಲ್ಲ, ನಿಂತರೆ ಮತ್ತೆ ಸಿಕ್ಕಿಕೊಳ್ಳುತ್ತಿದ್ದರು. ತಳ್ಳಿದವರು ಮೇಲೆ ಬಂದರೋ ಇಲ್ಲವೋ ಎಂಬುದು ಅವರಿಗೆ ತಿಳಿಯಲೇ ಇಲ್ಲ. 2009ರ 'ಡೀಮನ್ಸ್ ಸೋಲ್ಸ್'ನಲ್ಲಿ ಅಪರಿಚಿತ ಆಟಗಾರ ನೆರಳಿನಂತೆ ಬಂದು, ಸಹಾಯ ಮಾಡಿ, ಮಾತಿಲ್ಲದೆ ಮಾಯವಾಗುವ ಏರ್ಪಾಡು ಹುಟ್ಟಿದ್ದು ಆ ಅನುಭವದಿಂದ. ಗೇಮಿನಲ್ಲಿ ಹಿಮವೂ ಇಲ್ಲ, ಕಾರೂ ಇಲ್ಲ. ಆ ಸಂಕಟ ಮತ್ತು ಕೃತಜ್ಞತೆ ಮಾತ್ರ ಹಾಗೇ ಬಂದಿವೆ. ಅವರು ಚಿಕ್ಕವರಿದ್ದಾಗ ತಮಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದಿ, ಬಿಟ್ಟುಹೋದ ಭಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಅವರ ಗೇಮುಗಳಲ್ಲಿ ಕಥೆ ತುಂಡು ತುಂಡಾಗಿ ಸಿಗುವುದೂ ಅದೇ ಕಾರಣಕ್ಕೆ.

ನೀವೂ ಹೀಗೆ ಮಾಡಿ. ಹಂತ 1ರಲ್ಲಿ ಬರೆದ ವಾಕ್ಯದ ಅನುಭವ ನಿಮ್ಮ ಬದುಕಿನಲ್ಲಿ ಯಾವಾಗ ಆಗಿತ್ತು ಎಂದು ಯೋಚಿಸಿ, ಒಂದು ಪುಟ ಬರೆಯಿರಿ. ಕರೆಂಟ್ ಹೋದ ರಾತ್ರಿ, ಕೊನೆಯ ಬಸ್ಸು ತಪ್ಪಿದ ಸಂಜೆ, ಜಾತ್ರೆಯಲ್ಲಿ ಕೈಬಿಟ್ಟುಹೋದ ಕ್ಷಣ. ವಿವರಗಳು ಮುಖ್ಯ: ಯಾವ ವಾಸನೆ, ಯಾವ ಸದ್ದು, ಕೈ ಏನು ಹಿಡಿದುಕೊಂಡಿತ್ತು.

ಹಂತ 5: ಪ್ರಭಾವವನ್ನು ನಿಯಮಗಳಾಗಿ ಬರೆಯಿರಿ

ಈಗ ನಿಮ್ಮಲ್ಲಿ ಮೂರು ಬಗೆಯ ಟಿಪ್ಪಣಿ ಇದೆ: ಕೃತಿ ಕೆಲಸ ಮಾಡುವ ರೀತಿ, ಅದರ ಹಿಂದಿನ ಮೂಲ, ನಿಮ್ಮದೇ ಅನುಭವ. ಇವನ್ನು ತಂಡದ ಎಲ್ಲರೂ ಪಾಲಿಸಬಲ್ಲ ಐದಾರು ನಿಯಮಗಳಾಗಿ ಬರೆಯಬೇಕು. "ಕುರೊಸಾವಾ ಥರ ಇರಲಿ" ಎಂದರೆ ಕ್ಯಾಮೆರಾಮನ್‌ಗೆ ಒಂದು ಅರ್ಥ, ಸೌಂಡ್ ಮಾಡುವವರಿಗೆ ಇನ್ನೊಂದು ಅರ್ಥ. ನಿಯಮಕ್ಕೆ ಒಂದೇ ಅರ್ಥ.

2014ರ 'ಏಲಿಯನ್: ಐಸೊಲೇಶನ್' ಗೇಮ್ ಮಾಡಿದವರು ಇಟ್ಟುಕೊಂಡ ನಿಯಮ ಇದಕ್ಕೆ ಒಳ್ಳೆಯ ಮಾದರಿ. 1979ರ 'ಏಲಿಯನ್' ಸಿನಿಮಾ ಬಂದ ಕಾಲದವರು ಊಹಿಸಿಕೊಳ್ಳಬಹುದಾಗಿದ್ದ ತಂತ್ರಜ್ಞಾನ ಮಾತ್ರ ಗೇಮಿನಲ್ಲಿ ಇರಬೇಕು. ಟಚ್ ಸ್ಕ್ರೀನ್ ಇಲ್ಲ, ಗಾಳಿಯಲ್ಲಿ ತೇಲುವ ಚಿತ್ರಗಳಿಲ್ಲ. ದಪ್ಪ ಬಟನ್ನು, ಹಸಿರು ಅಕ್ಷರದ ಮಾನಿಟರು. ಅಷ್ಟಕ್ಕೇ ನಿಲ್ಲದೆ, ಕಂಪ್ಯೂಟರಿನಲ್ಲಿ ಮಾಡಿದ ಪರದೆಯ ಚಿತ್ರಗಳನ್ನು ನಿಜವಾದ ವಿಡಿಯೋ ಟೇಪಿಗೆ ಹಾಕಿ, ಹಳೆಯ ಟಿವಿಯಲ್ಲಿ ಓಡಿಸಿ, ಅದರ ನಡುಕ, ಗೆರೆಗಳನ್ನು ಮತ್ತೆ ಸೆರೆಹಿಡಿದು ಗೇಮಿಗೆ ತಂದರು. ಫಿಲ್ಟರ್ ಹಾಕುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆಡಿದವರಿಗೆ ಗೊತ್ತಾಗುತ್ತದೆ.

ಕೆನಡಾದ ಸ್ಟುಡಿಯೋ ಎಂಡಿಎಚ್‌ಆರ್ 2017ರಲ್ಲಿ ತಂದ 'ಕಪ್‌ಹೆಡ್' ಇದಕ್ಕಿಂತ ಕಠಿಣ ನಿಯಮ ಹಾಕಿಕೊಂಡಿತು. 1930ರ ದಶಕದ ಅಮೆರಿಕದ ಕಾರ್ಟೂನುಗಳ ಫೀಲ್ ಬೇಕಿತ್ತು. ಹಾಗಾಗಿ ಪಾತ್ರಗಳನ್ನು ಕಾಗದದ ಮೇಲೆ ಪೆನ್ಸಿಲ್, ಶಾಯಿಯಲ್ಲಿ ಒಂದೊಂದಾಗಿ ಬಿಡಿಸಿದರು. ಹಿನ್ನೆಲೆಗೆ ವಾಟರ್ ಕಲರ್. ಸಂಗೀತಕ್ಕೆ ನಿಜವಾದ ಜ್ಯಾಸ್ ವಾದ್ಯವೃಂದ. ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನು ಬಿಟ್ಟರು. ಚಿತ್ರಗಳು ಸಿನಿಮಾದಂತೆ ಸೆಕೆಂಡಿಗೆ 24 ಫ್ರೇಮು ಓಡಿದರೂ, ಆಟ ಓಡುವುದು 60 ಫ್ರೇಮಿನಲ್ಲಿ. ಬಟನ್ ಒತ್ತಿದ ತಕ್ಷಣ ಪಾತ್ರ ಕೇಳಬೇಕಲ್ಲ. ಕಣ್ಣಿಗೆ ಹಳೆಯ ಕಾಲ, ಕೈಗೆ ಈ ಕಾಲ. ಎಲ್ಲಿ ಪ್ರಭಾವವನ್ನು ಪಾಲಿಸಬೇಕು, ಎಲ್ಲಿ ಬಿಡಬೇಕು ಎಂಬ ಈ ವಿವೇಕ ಎಲ್ಲ ನಿಯಮ ಪಟ್ಟಿಗೂ ಬೇಕು.

ನಿಮಗೆ ಮಾದರಿ ಬೇಕಾದರೆ ಇಲ್ಲಿದೆ. ಮಲೆನಾಡಿನ ಮಳೆಗಾಲದಲ್ಲಿ ಒಂಟಿ ಮನೆಯಲ್ಲಿ ನಡೆಯುವ ಶಾರ್ಟ್ ಫಿಲ್ಮ್ ಅಥವಾ ಸಣ್ಣ ಗೇಮ್ ಅಂದುಕೊಳ್ಳಿ. "ಮನಸ್ಸಿನಲ್ಲಿರುವುದನ್ನು ಹವಾಮಾನ ಹೇಳುತ್ತದೆ" ಎಂಬ ಟಿಪ್ಪಣಿಯಿಂದ ಹೊರಟರೆ ನಿಯಮಗಳು ಹೀಗಾಗಬಹುದು. ಆಕಾಶ ಎಂದೂ ತೆರೆದು ಕಾಣಬಾರದು. ಮನೆಯೊಳಗೆ ಬೆಳಕು ಒಂದೇ ಕಡೆಯಿಂದ ಬರಬೇಕು. ಮಳೆಯ ಸದ್ದು ಎಲ್ಲ ಕಡೆ ಒಂದೇ ಇರಬಾರದು. ಹಂಚಿನ ಮೇಲೆ ಬೇರೆ, ತಗಡಿನ ಮೇಲೆ ಬೇರೆ, ಅಂಗಳದಲ್ಲಿ ಬಿದ್ದಿರುವ ಅಡಿಕೆ ಹಾಳೆಯ ಮೇಲೆ ಬೇರೆ. ಮುಚ್ಚಿಟ್ಟ ಮಾತು ಹೊರಬರುವುದು ಮಳೆ ನಿಂತಾಗ ಮಾತ್ರ. ಹಿನ್ನೆಲೆ ಸಂಗೀತ ಇಲ್ಲ. ಇಷ್ಟರಲ್ಲಿ ಒಂದೂ ಸಮುರಾಯ್ ಇಲ್ಲ. ಆದರೂ ಪ್ರಭಾವ ಪೂರ್ತಿ ಇದೆ.

ಹಂತ 6: ನಿಮ್ಮ ಮಿತಿಯನ್ನು ನಿಯಮದೊಳಗೆ ಸೇರಿಸಿ

ದುಡ್ಡಿಲ್ಲ, ಸಮಯವಿಲ್ಲ, ಫೋನ್ ಬಿಟ್ಟು ಕ್ಯಾಮೆರಾ ಇಲ್ಲ. ಇರಲಿ. 1999ರ 'ಸೈಲೆಂಟ್ ಹಿಲ್' ಎಂಬ ಹಾರರ್ ಗೇಮ್ ಮಾಡಿದಾಗ, ಅದು ಓಡಬೇಕಿದ್ದ ಪ್ಲೇಸ್ಟೇಶನ್ ಯಂತ್ರಕ್ಕೆ ದೂರದವರೆಗೆ ಊರನ್ನು ತೋರಿಸುವ ಶಕ್ತಿ ಇರಲಿಲ್ಲ. ತಂಡ ಊರಿಗೆಲ್ಲ ದಟ್ಟ ಮಂಜು ಕವಿಸಿತು. ಮಂಜಿನೊಳಗೆ ಏನಿದೆಯೋ ಎಂಬ ಭಯಕ್ಕೆ ಸ್ಟೀಫನ್ ಕಿಂಗ್ ಅವರ 'ದ ಮಿಸ್ಟ್' ಕಥೆಯ ಪ್ರಭಾವ ಮೊದಲೇ ಇತ್ತು. ಯಂತ್ರದ ಮಿತಿ ಮತ್ತು ಆ ಪ್ರಭಾವ ಒಂದೇ ಜಾಗದಲ್ಲಿ ಕೂಡಿದವು. ಮಂಜಿಲ್ಲದ ಸೈಲೆಂಟ್ ಹಿಲ್ ಅನ್ನು ಇವತ್ತು ಯಾರೂ ಕಲ್ಪಿಸಿಕೊಳ್ಳಲಾರರು.

ನಿಮ್ಮ ಮಿತಿಗಳನ್ನು ಒಂದು ಕಡೆ, ನಿಯಮಗಳನ್ನು ಇನ್ನೊಂದು ಕಡೆ ಬರೆದು, ಎಲ್ಲಿ ಎರಡೂ ಕೂಡುತ್ತವೆ ನೋಡಿ. ಲೈಟ್ ಬಾಡಿಗೆಗೆ ದುಡ್ಡಿಲ್ಲದಿದ್ದರೆ, ಒಂದೇ ಬೆಳಕಿನ ಕಥೆ ಬರೆಯಿರಿ.

ಹಂತ 7: ಗೇಮ್ ಮಾಡುವವರಿಗೆ ಮಾತ್ರ, ಪ್ರಭಾವವನ್ನು ಕೈಗೆ ಕೊಡಿ

ಸಿನಿಮಾದವರು ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಗೇಮಿನಲ್ಲಿ ಆಟಗಾರ ಮಾಡುವ ಕೆಲಸ ಮತ್ತು ಅದಕ್ಕೆ ಆಟ ಕೊಡುವ ಉತ್ತರವನ್ನು ಮೆಕ್ಯಾನಿಕ್ ಎನ್ನುತ್ತಾರೆ. ಪ್ರಭಾವ ಅಲ್ಲಿಗೆ ತಲುಪದಿದ್ದರೆ ಅದು ಬರೀ ಗೋಡೆಗೆ ಹಚ್ಚಿದ ಬಣ್ಣ.

ಅಮೆರಿಕದ ಸಕರ್ ಪಂಚ್ ಸ್ಟುಡಿಯೋ 2020ರಲ್ಲಿ 'ಘೋಸ್ಟ್ ಆಫ್ ತ್ಸುಶಿಮಾ' ಎಂಬ ಗೇಮ್ ತಂದಿತು. 1274ರಲ್ಲಿ ಮಂಗೋಲರು ಜಪಾನಿನ ತ್ಸುಶಿಮಾ ದ್ವೀಪದ ಮೇಲೆ ದಾಳಿ ಮಾಡಿದ ಕಾಲದ ಕಥೆ. ಅದರಲ್ಲಿ ಕುರೊಸಾವಾ ಮೋಡ್ ಎಂಬ ಆಯ್ಕೆಯೇ ಇದೆ. ಹೆಸರು ಬಳಸಲು ಕುರೊಸಾವಾ ಅವರ ವಾರಸುದಾರರಿಂದ ಅನುಮತಿ ಪಡೆದಿದ್ದಾರೆ. ಆ ಮೋಡ್ ಹಾಕಿದರೆ ಚಿತ್ರ ಕಪ್ಪು ಬಿಳುಪಾಗುತ್ತದೆ, ಹಳೆಯ ಫಿಲ್ಮಿನ ಕಣಗಳು ಕಾಣುತ್ತವೆ, ಸದ್ದು ಹಳೆಯ ರೇಡಿಯೋದಂತಾಗುತ್ತದೆ, ಗಾಳಿ ಜೋರಾಗುತ್ತದೆ. ಚೆನ್ನಾಗಿದೆ. ಆದರೆ ನನ್ನ ಪ್ರಕಾರ ನಿಜವಾದ ಪ್ರಭಾವ ಆ ಮೋಡ್‌ನಲ್ಲಿಲ್ಲ. ಅದಿರುವುದು ದಾರಿ ತೋರಿಸುವ ಗಾಳಿಯಲ್ಲಿ. ಬೇರೆ ಗೇಮುಗಳಲ್ಲಿ ಎಲ್ಲಿಗೆ ಹೋಗಬೇಕೆಂದು ಪರದೆಯ ಮೇಲೆ ಬಾಣದ ಗುರುತು, ಸಣ್ಣ ನಕ್ಷೆ ಇರುತ್ತವೆ. ಇಲ್ಲಿ ಕಂಟ್ರೋಲರಿನ ಟಚ್‌ಪ್ಯಾಡ್ ಮೇಲೆ ಬೆರಳು ಎಳೆದರೆ ಗಾಳಿ ಬೀಸುತ್ತದೆ. ಹುಲ್ಲು, ಎಲೆ ಬಾಗಿದ ಕಡೆಗೆ ನೀವು ಕುದುರೆ ಓಡಿಸಬೇಕು. ಕುರೊಸಾವಾ ಸಿನಿಮಾದಲ್ಲಿ ಹವಾಮಾನ ಕಥೆ ಹೇಳುತ್ತಿತ್ತು. ಇಲ್ಲಿ ಅದನ್ನು ಓದಲು ಆಟಗಾರ ಕಲಿಯಬೇಕು. ಬಣ್ಣದಲ್ಲಿ ಆಡಿದರೂ ಆ ಪ್ರಭಾವ ಉಳಿಯುತ್ತದೆ.

'ಇಕೊ'ದಲ್ಲಿ ಹುಡುಗಿಯ ಕೈ ಹಿಡಿದಿರಬೇಕಾದರೆ ಬಟನ್ ಒತ್ತಿಹಿಡಿದೇ ಇರಬೇಕು. ಬಿಟ್ಟರೆ ಕೈ ಬಿಟ್ಟಂತೆ. ಒಂದು ಬೆರಳಿನಲ್ಲಿ ಆ ಗೇಮಿನ ಇಡೀ ಭಾವನೆ ಇದೆ.

ಪರೀಕ್ಷೆ ಸುಲಭ. ನಿಮ್ಮ ಗೇಮಿನ ಎಲ್ಲ ಚಿತ್ರ ತೆಗೆದು ಬರೀ ಬೂದು ಬಣ್ಣದ ಡಬ್ಬಿಗಳನ್ನು ಇಡಿ. ಆಡಿದಾಗ ಹಂತ 1ರ ವಾಕ್ಯದ ಒಂದಂಶವಾದರೂ ಅನುಭವಕ್ಕೆ ಬರುತ್ತದೆಯೇ? ಬರದಿದ್ದರೆ ಆರ್ಟ್ ಮಾಡಲು ಹೋಗಬೇಡಿ, ಮೆಕ್ಯಾನಿಕ್‌ಗೆ ಹಿಂತಿರುಗಿ.

ಹಂತ 8: ನಮ್ಮ ನೆಲದ ಕಲೆ ಬಳಸುವಾಗ

ಯಕ್ಷಗಾನ, ತೊಗಲು ಗೊಂಬೆಯಾಟ, ಭೂತಕೋಲ ಇವನ್ನು ಬಳಸುವ ಆಸೆ ಈಗ ಜಾಸ್ತಿಯಾಗಿದೆ. ಸಂತೋಷ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ಮಾಡಿದ 'ರಾಜಿ' ಗೇಮಿನಲ್ಲಿ ಕಥೆಯ ಭಾಗಗಳನ್ನು ನೆರಳು ಗೊಂಬೆಯಾಟದ ರೀತಿಯಲ್ಲಿ ಹೇಳಿದ್ದಾರೆ. ಕಟ್ಟಡಗಳಿಗೆ ರಾಜಸ್ಥಾನದ ವಾಸ್ತುಶಿಲ್ಪ, ಬಣ್ಣಗಳಿಗೆ ಪಹಾಡಿ ಚಿತ್ರಕಲೆ ಆಧಾರ. ಸಣ್ಣ ತಂಡಕ್ಕೆ ಇದು ಒಳ್ಳೆಯ ದಾರಿ.

ಇಲ್ಲಿಯೂ ಮೊದಲಿನ ಮಾತೇ ಅನ್ವಯಿಸುತ್ತದೆ. ಯಕ್ಷಗಾನದ ಕಿರೀಟ ತೊಡಿಸಿದರೆ ಯಕ್ಷಗಾನದ ಫೀಲ್ ಬರುವುದಿಲ್ಲ. ಭಾಗವತರ ಹಾಡಿಗೆ ಚೆಂಡೆ ಮದ್ದಳೆ ಹೇಗೆ ಏರುತ್ತದೆ, ವೇಷಧಾರಿ ಬರುವ ಮುನ್ನ ಎಷ್ಟು ಹೊತ್ತು ಕಾಯಿಸುತ್ತಾರೆ, ಪದ್ಯ ಮುಗಿದ ಮೇಲೆ ಅರ್ಥಗಾರಿಕೆ ಅಂದರೆ ಅಲ್ಲೇ ಕಟ್ಟಿ ಆಡುವ ಮಾತು ಹೇಗೆ ಬೆಳೆಯುತ್ತದೆ, ಇವನ್ನು ರಾತ್ರಿಯಿಡೀ ಕೂತು ನೋಡಬೇಕು. ಯಕ್ಷಗಾನದ ಪ್ರವೇಶದ ಲಯದಲ್ಲಿ ಒಂದು ಗೇಮಿನ ಕಾಳಗ ಶುರುವಾದರೆ ಹೇಗಿರಬಹುದು ಎಂದು ಯೋಚಿಸಿ ನೋಡಿ.

ಎಚ್ಚರಿಕೆ: ಆರಾಧನೆಯಾಗಿ ಬದುಕಿರುವುದನ್ನು ರೆಫರೆನ್ಸ್ ಮಾಡಿಕೊಳ್ಳುವಾಗ ಜವಾಬ್ದಾರಿ ಬೇಕು. 2022ರಲ್ಲಿ 'ಕಾಂತಾರ' ಬಂದ ಮೇಲೆ ಕೆಲವರು ದೈವದ ವೇಷ, ಕೂಗನ್ನು ಅನುಕರಿಸಿ ರೀಲ್ಸ್ ಮಾಡಿದರು. ಕರಾವಳಿಯ ಜನರಿಗೆ ನೋವಾಯಿತು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಂಡಿತು. ಆ ಆಚರಣೆ ನಡೆಸುವ ಕುಟುಂಬದವರನ್ನು ಮೊದಲು ಕಾಣಿ. ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂದು ಕೇಳಿ. ಬೇಡ ಎಂದರೆ ಬಿಡಿ. ಸಹಾಯ ಮಾಡಿದ ಕಲಾವಿದರಿಗೆ ಸಂಭಾವನೆ ಕೊಡಿ, ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ.

ಹಂತ 9: ಸಂಗೀತದ ಬಲೆಯಿಂದ ತಪ್ಪಿಸಿಕೊಳ್ಳಿ

ಎಡಿಟಿಂಗ್ ಮಾಡುವಾಗ ಸದ್ಯಕ್ಕೆಂದು ಬೇರೆ ಸಿನಿಮಾದ ಸಂಗೀತ ಹಾಕಿಕೊಳ್ಳುತ್ತೇವೆ. ಇದಕ್ಕೆ ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ವಾರಗಟ್ಟಲೆ ಅದನ್ನೇ ಕೇಳಿ ಕೇಳಿ, ಆಮೇಲೆ ಬೇರೆ ಯಾವುದೂ ಹಿಡಿಸುವುದಿಲ್ಲ. ಸಂಗೀತ ಮಾಡುವವರಿಗೆ "ಇದರ ಥರಾನೇ ಮಾಡಿ" ಎಂದು ಹೇಳಿಬಿಡುತ್ತೇವೆ. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಹೊಸ ಸಂಗೀತ ಮಾಡಿಕೊಟ್ಟಿದ್ದರು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ಬಿಟ್ಟು, ಸದ್ಯಕ್ಕೆಂದು ಹಾಕಿಕೊಂಡಿದ್ದ ಶಾಸ್ತ್ರೀಯ ಸಂಗೀತವನ್ನೇ ಉಳಿಸಿಕೊಂಡರು. ಅವರಿಗೆ ಅದು ಒಲಿಯಿತು. ಹಕ್ಕು ಕೊಳ್ಳುವ ಶಕ್ತಿ ಇಲ್ಲದ ನಮಗೆ ಅದು ದಾರಿಯಲ್ಲ. ಮೊದಲ ಕಟ್ ಅನ್ನು ಸಂಗೀತವಿಲ್ಲದೆ, ಬರೀ ಸ್ಥಳದ ಸದ್ದಿನಿಂದ ಕಟ್ಟಿ. ಸಂಗೀತ ಮಾಡುವವರಿಗೆ ಹಾಡು ಕಳಿಸುವ ಬದಲು ಹಂತ 1ರ ವಾಕ್ಯ ಮತ್ತು ಹಂತ 5ರ ನಿಯಮ ಕಳಿಸಿ.

ಹಂತ 10: ತೋರಿಸಿ, ಕೇಳಿ, ಕಾನೂನು ನೋಡಿ

ನಿಮ್ಮ ಮೂಲ ಕೃತಿ ನೋಡಿದ ಇಬ್ಬರಿಗೆ, ನೋಡದ ಇಬ್ಬರ‍ಿಗೆ ನಿಮ್ಮ ಕೆಲಸ ತೋರಿಸಿ. ಮೊದಲೇ ಏನೂ ಹೇಳಬೇಡಿ. ನೋಡದವರಿಗೆ ನೀವು ಬಯಸಿದ ಅನುಭವ ಆಗದಿದ್ದರೆ, ನಿಮ್ಮ ಕೆಲಸ ಮೂಲದ ನೆನಪಿನ ಮೇಲೆ ನಿಂತಿದೆ ಎಂದರ್ಥ. ಹಂತ 5ಕ್ಕೆ ಹೋಗಿ. ನೋಡಿದವರು ತಕ್ಷಣ ಮೂಲದ ಹೆಸರು ಹೇಳಿ, ಯಾವ ಶಾಟ್ ಎಂದೂ ಹೇಳಿದರೆ, ಆ ಶಾಟ್ ತೆಗೆಯಿರಿ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಭಾರತದಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ದಾರಿದೀಪ. ಕಲ್ಪನೆ, ವಿಷಯ, ಕಥಾವಸ್ತುವಿಗೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಇದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂದು ಸ್ಪಷ್ಟವಾಗಿ ಅನ್ನಿಸಿದರೆ ತೊಂದರೆ. ಸಂಗೀತ, ಪಾತ್ರದ ವಿನ್ಯಾಸ, ಸಂಭಾಷಣೆ ಇವುಗಳಲ್ಲಿ ಹೆಚ್ಚು ಜಾಗ್ರತೆ ಬೇಕು. "ಕೆಲವು ಸೆಕೆಂಡು ಬಳಸಿದರೆ ಪರವಾಗಿಲ್ಲ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅಂಥ ಲೆಕ್ಕ ಕಾಯ್ದೆಯಲ್ಲಿಲ್ಲ. ದುಡ್ಡು ಮಾಡುವ ಉದ್ದೇಶವಿದ್ದರೆ ಬಿಡುಗಡೆಗೆ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಹಂತ 3ರಲ್ಲಿ ಬರೆದ ವಂಶವೃಕ್ಷದ ಹಾಳೆಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಯಾರಾದರೂ ಆಕ್ಷೇಪ ಎತ್ತಿದರೆ, ನಿಮ್ಮ ಕೆಲಸ ಹೇಗೆ ಬೆಳೆಯಿತು ಎಂದು ತೋರಿಸಲು ಅದು ನೆರವಾಗುತ್ತದೆ. ಸಂದರ್ಶನ ಕೊಡುವ ಅವಕಾಶ ಬಂದರೆ ಅದರಲ್ಲಿರುವ ಹೆಸರುಗಳನ್ನು ಮುಚ್ಚಿಡದೆ ಹೇಳಿ. ನಿಮ್ಮ ಕೆಲಸ ಇಷ್ಟಪಟ್ಟವರು ಅಲ್ಲಿಂದ ಹಿಂದಕ್ಕೆ ಹೋಗಿ ಹುಡುಕಲು ಆ ಹೆಸರುಗಳು ಬೇಕಾಗುತ್ತವೆ.